ಧೂಮಕೇತು ಸರ್ರನೆ ಓಡುತ್ತದೆಯೇ? ಮೊಬೈಲ್‌ನಲ್ಲಿ ಸೆರೆಹಿಡಿಯುವುದು ಹೇಗೆ?

'ಆಕಾಶ ಸೀಳಿದ ಧೂಮಕೇತು' ಎಂಬ ವಿಡಿಯೊ ನಿಮಗೂ ಬಂದಿದೆಯೇ? ಅದು ಧೂಮಕೇತು ಅಲ್ಲ. ಕ್ಷಣದಲ್ಲಿ ಮಿಂಚಿ ಮಾಯವಾಗುವುದು ಉಲ್ಕೆಯೋ, ಉರಿದು ಬೀಳುವ ಉಪಗ್ರಹದ ಚೂರೋ ಆಗಿರಬಹುದು.

2024ರ ಅಕ್ಟೋಬರ್‌ನಲ್ಲಿ ಕರ್ನಾಟಕದಲ್ಲೂ ಕಂಡ ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನೇ ನೋಡಿ. ತಿಂಗಳ ಆರಂಭದಲ್ಲಿ ಬೆಂಗಳೂರಿನ ಹವ್ಯಾಸಿಗಳು ನಸುಕಿನಲ್ಲಿ ಪೂರ್ವ ದಿಕ್ಕಿನಲ್ಲಿ ಅದರ ಫೋಟೊ ತೆಗೆದರು. 12ರ ನಂತರ ಅದು ಸಂಜೆ ಪಶ್ಚಿಮದಲ್ಲಿ ಕಾಣತೊಡಗಿತು. ಭೂಮಿಗೆ ಅತಿ ಸಮೀಪ ಬಂದಾಗಲೂ ಅದು ಸುಮಾರು 7 ಕೋಟಿ ಕಿ.ಮೀ. ದೂರದಲ್ಲಿತ್ತು. ಅದಕ್ಕೇ ಧೂಮಕೇತು ನಕ್ಷತ್ರಗಳ ನಡುವೆ ನಿಂತಂತೆ ಕಾಣುತ್ತದೆ. ಓಡುವ ಬೆಳಕಿಗಾಗಿ ಕಾದವರಿಗೆ ಎದುರಿಗಿರುವ ಧೂಮಕೇತುವೇ ತಪ್ಪಿಹೋಗುತ್ತದೆ.

ಈ ನಿಧಾನವೇ ಫೋಟೊಗೆ ಅನುಕೂಲ. ಕಣ್ಣಿಗೆ ಮಸುಕಾಗಿರುವ ಬಾಲವನ್ನು ಕ್ಯಾಮೆರಾ ಹಲವು ಸೆಕೆಂಡ್ ಬೆಳಕು ಕೂಡಿಸಿಕೊಂಡು ತೋರಿಸುತ್ತದೆ.

ತೇರದಾಳದ ಸುತ್ತ ಎತ್ತರದ ಕಬ್ಬು ದಿಗಂತವನ್ನು ಮರೆಮಾಡಬಹುದು. ಬೀದಿದೀಪವಿಲ್ಲದ ಬಯಲು ಹುಡುಕಿ. ಮೊಬೈಲನ್ನು ಸ್ಟ್ಯಾಂಡ್‌ಗೆ ಸಿಕ್ಕಿಸಿ ಅಥವಾ ಕಲ್ಲಿಗೆ ಒರಗಿಸಿ. ಪ್ರೊ ಮೋಡ್‌ನಲ್ಲಿ ಐಎಸ್‌ಒ 1600, ಶಟರ್ 10 ಸೆಕೆಂಡ್, ಫೋಕಸ್ ಅನಂತ ದೂರಕ್ಕೆ ಇಡಿ. ಕೈ ಅಲುಗದಂತೆ 3 ಸೆಕೆಂಡ್ ಟೈಮರ್ ಹಾಕಿ. ಪ್ರೊ ಮೋಡ್ ಇಲ್ಲದಿದ್ದರೆ ನೈಟ್ ಮೋಡ್ ಸಾಕು.

ಸೂರ್ಯ ಪೂರ್ತಿ ಮುಳುಗುವ ಮುನ್ನ ಆ ಕಡೆ ಬೈನಾಕ್ಯುಲರ್ ತಿರುಗಿಸಬೇಡಿ, ಕಣ್ಣಿಗೆ ಅಪಾಯ.