ಮರಳಿನ ಹೊಟ್ಟೆಯಲ್ಲಿ ನೀರು: ನೆರೆಯ ಉಕಂಬಾನಿಯಿಂದ ಒಂದು ಪರಿಚಯ

ನಮ್ಮಲ್ಲಿ ಹೆಚ್ಚಿನ ಕುಟುಂಬಗಳು ವರ್ಷಕ್ಕೊಮ್ಮೆಯಾದರೂ ಮೊಂಬಾಸಾ ರಸ್ತೆಯಲ್ಲಿ ಪ್ರಯಾಣ ಮಾಡುತ್ತೇವೆ. ಅಥಿ ರಿವರ್ ಪಟ್ಟಣ ದಾಟಿದ ಮೇಲೆ ಎಡಕ್ಕೆ ಮಾಚಾಕೋಸ್ ದಾರಿ. ನೇರ ಹೋದರೆ ಸುಲ್ತಾನ್ ಹಮೂದ್, ಎಮಾಲಿ, ಕಿಬ್ವೇಜಿ. ಈ ಹಾದಿಯಲ್ಲಿ ಅನೇಕ ಸೇತುವೆಗಳು ಬರುತ್ತವೆ. ಕೆಳಗೆ ಇಣುಕಿದರೆ ನೀರಿಲ್ಲ, ಬರೀ ಮರಳು. ಮಕ್ಕಳು ಕೇಳುತ್ತಾರೆ, ನದಿಯೇ ಇಲ್ಲದ ಮೇಲೆ ಸೇತುವೆ ಏಕೆ ಎಂದು. ಆ ಪ್ರಶ್ನೆಗೆ ಉತ್ತರವನ್ನೂ, ಆ ಮರಳಿನ ನದಿಗಳಲ್ಲಿ ಅಲ್ಲಿನ ಜನ ಮಾಡಿಕೊಂಡಿರುವ ಒಂದು ಅಪೂರ್ವ ಕೆಲಸದ ವಿವರವನ್ನೂ ಈ ಸಂಚಿಕೆಯ ಓದುಗರ ಮುಂದಿಡುತ್ತಿದ್ದೇವೆ.

ಮಾಚಾಕೋಸ್, ಮಕುವೇನಿ, ಕಿಟುಯಿ ಈ ಮೂರು ಕೌಂಟಿಗಳು ಸೇರಿದ ನಾಡೇ ಉಕಂಬಾನಿ, ಅಂದರೆ ಕಂಬಾ ಜನರ ಸೀಮೆ. ನಮ್ಮ ಕೋಲಾರ, ಪಾವಗಡ, ಚಳ್ಳಕೆರೆಗಳನ್ನು ಕಂಡವರಿಗೆ ಈ ಭೂಮಿ ಹೊಸದೆನಿಸದು. ಮಳೆ ಎರಡು ಸಲ: ಮಾರ್ಚಿನಿಂದ ಮೇ ತನಕ ಒಂದು, ಅಕ್ಟೋಬರಿನಿಂದ ಡಿಸೆಂಬರ್ ತನಕ ಇನ್ನೊಂದು. ಇಲ್ಲಿನ ರೈತ ಹೆಚ್ಚು ನೆಚ್ಚುವುದು ಎರಡನೆಯದನ್ನೇ. ಬಂದಾಗ ಧೋ ಎಂದು ಸುರಿದು, ಗುಡ್ಡದ ಮಣ್ಣನ್ನು ಕೊಚ್ಚಿಕೊಂಡು ನದಿ ತುಂಬಿ ಹರಿದು, ಕೆಲವೇ ಗಂಟೆ ಅಥವಾ ದಿನಗಳಲ್ಲಿ ಮಾಯವಾಗುತ್ತದೆ. ಉಳಿಯುವುದು ಮರಳು ಮಾತ್ರ. ಆಮೇಲೆ ತಿಂಗಳುಗಟ್ಟಲೆ ಹೆಂಗಸರೂ ಮಕ್ಕಳೂ ಹಳದಿ ಜೆರಿಕ್ಯಾನ್ ಹಿಡಿದು ನೀರು ಹುಡುಕುತ್ತಾ ನಡೆಯಬೇಕು. 20 ಲೀಟರಿನ ಕ್ಯಾನೆಂದರೆ 20 ಕಿಲೋ ಭಾರ. ಕಂಬಾ ಹೆಂಗಸರು ಅದನ್ನು ಹಗ್ಗ ಕಟ್ಟಿ ಹಣೆಗೆ ಕೊಟ್ಟು ಬೆನ್ನ ಮೇಲೆ ಹೊರುತ್ತಾರೆ.

ಮರಳಿನ ಕೆಳಗೆ ನೀರಿರುತ್ತದೆ ಎಂಬುದು ಅವರಿಗೂ ಗೊತ್ತು, ನಮ್ಮ ಹಿರಿಯರಿಗೂ ಗೊತ್ತಿತ್ತು. ಬೇಸಿಗೆಯಲ್ಲಿ ಹೊಳೆಯ ಮರಳು ತೋಡಿ ಒರತೆ ತೆಗೆದು, ಚಿಪ್ಪಿನಲ್ಲಿ ನೀರು ಮೊಗೆದು ಕೊಡ ತುಂಬಿಸಿದ ನೆನಪು ನಮ್ಮಲ್ಲಿ ಹಲವರ ಅಜ್ಜಿಯರಿಗೆ ಇದ್ದೀತು. ತುಮಕೂರು ಸೀಮೆಯವರು ತಲಪರಿಗೆ ಎಂಬ ಮಾತನ್ನೂ ಬಲ್ಲರು. ತ್ಸಾವೋದ ಆನೆಗಳು ಸಹ ಒಣಗಿದ ನದಿಯಲ್ಲಿ ಸೊಂಡಿಲಿನಿಂದ ಮರಳು ಬಗೆದು ನೀರು ಕುಡಿಯುತ್ತವೆ. ಉಕಂಬಾನಿಯ ಮರಳು ಅಣೆಕಟ್ಟು ಎಂದರೆ ಈ ಒರತೆಯನ್ನೇ ದೊಡ್ಡದು ಮಾಡುವ ಉಪಾಯ.

ಕೆಲಸ ಹೀಗೆ. ನದಿಯ ತಳದಲ್ಲಿ ಬಂಡೆ ಮೇಲಕ್ಕೆ ಸಿಗುವ ಜಾಗ ಹುಡುಕಿ, ಬಂಡೆಯಿಂದಲೇ ಎಬ್ಬಿಸಿ ಈ ದಡದಿಂದ ಆ ದಡಕ್ಕೆ ಕಲ್ಲು, ಸಿಮೆಂಟು, ಕಬ್ಬಿಣದ ಗಟ್ಟಿ ಗೋಡೆ ಕಟ್ಟುತ್ತಾರೆ. ಮಳೆ ಬಂದಾಗ ನೀರಿನೊಡನೆ ಬಂದ ದಪ್ಪ ಮರಳು ಗೋಡೆಯ ಹಿಂದೆ ತಂಗುತ್ತದೆ; ಹಗುರವಾದ ಜೇಡಿ ನೀರಿನೊಡನೆ ಗೋಡೆ ಹಾರಿ ಮುಂದೆ ಹೋಗುತ್ತದೆ. ಒಂದರಿಂದ ಮೂರು ನಾಲ್ಕು ಮಳೆಗಾಲಗಳಲ್ಲಿ ಹಿಂಭಾಗ ಪೂರ್ತಿ ಮರಳಿನಿಂದ ತುಂಬುತ್ತದೆ. ನಮ್ಮ ಕೆರೆಗಳಲ್ಲಿ ಹೂಳು ತುಂಬಿತೆಂದರೆ ಕೆರೆ ಸತ್ತಂತೆ. ಇಲ್ಲಿ ತುಂಬಿದಾಗಲೇ ಅಣೆಕಟ್ಟಿಗೆ ಜೀವ. ಮೊದಲ ಸಲ ಕೇಳಿದಾಗ ನಂಬಲು ಕಷ್ಟ.

ಮರಳಿನ ಕಣಗಳ ನಡುವಿನ ಸಂದುಗಳಲ್ಲಿ ನೀರು ನಿಲ್ಲುತ್ತದೆ. ಒಟ್ಟು ಗಾತ್ರದಲ್ಲಿ ನೂರಕ್ಕೆ 25ರಿಂದ 40 ಭಾಗ ನೀರು ಹಿಡಿಯಬಲ್ಲದು ಎನ್ನುತ್ತಾರೆ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಲೋಟದ ತುಂಬ ದಪ್ಪ ಮರಳು ಹಾಕಿ, ಇನ್ನೊಂದು ಅಳತೆ ಲೋಟದಿಂದ ನಿಧಾನವಾಗಿ ನೀರು ಹೊಯ್ಯಿರಿ. ತುಂಬಿದೆ ಎಂದುಕೊಂಡ ಲೋಟ ಎಷ್ಟು ನೀರು ಕುಡಿಯಿತೆಂದು ನೋಡಿ ಮಕ್ಕಳು ಬೆರಗಾಗುತ್ತಾರೆ. ಶಾಲೆಯ ಪ್ರಾಜೆಕ್ಟಿಗೂ ಒದಗೀತು.

ನೀರು ಮರಳಿನೊಳಗಿರುವುದರಿಂದ ಬಿಸಿಲಿಗೆ ಆವಿಯಾಗುವುದು ಬಹಳ ಕಡಿಮೆ. ಸೊಳ್ಳೆ ಮೊಟ್ಟೆಯಿಡಲು ಜಾಗವಿಲ್ಲ. ದನಕರುಗಳು ಇಳಿದು ರಾಡಿ ಮಾಡಲಾರವು. ಮರಳೇ ಒಂದು ಮಟ್ಟಿಗೆ ಸೋಸುತ್ತದೆ. ನೀರು ತೆಗೆಯಲು ದಡದಲ್ಲಿ ಬಾವಿ ತೋಡಿ ಕೈಪಂಪು ಹಾಕುತ್ತಾರೆ, ಅಥವಾ ಗೋಡೆಯೊಳಗಿಂದ ಕೊಳವೆ ತಂದು ನಲ್ಲಿ ಇಡುತ್ತಾರೆ. ಕೆಲವು ವರ್ಷಗಳಲ್ಲಿ ಅಕ್ಕಪಕ್ಕದ ನೆಲದಲ್ಲೂ ಅಂತರ್ಜಲ ಏರಿ, ದಡದಲ್ಲಿ ಸೊಪ್ಪು, ಟೊಮೆಟೊ, ಬಾಳೆ ಕಾಣಿಸಿಕೊಳ್ಳುತ್ತವೆ.

ಹಾಗೆಂದು ಎಲ್ಲ ನದಿಗೂ ಇದು ಸಲ್ಲುವುದಿಲ್ಲ. ನದಿಯಲ್ಲಿ ಬರುವುದು ದಪ್ಪ ಮರಳಲ್ಲದೆ ನುಣ್ಣನೆ ಜೇಡಿಯಾದರೆ ಗೋಡೆಯ ಹಿಂದೆ ಕೆಸರು ತುಂಬುತ್ತದೆ, ಕೆಸರಿನಿಂದ ನೀರು ಬಿಡಿಸಿಕೊಳ್ಳಲಾಗದು. ಗೋಡೆಯ ತುದಿಗಳನ್ನು ದಡದೊಳಕ್ಕೆ ಸಾಕಷ್ಟು ಚಾಚದಿದ್ದರೆ ನದಿ ಪಕ್ಕದ ದಡವನ್ನೇ ಕೊರೆದು ಬೇರೆ ದಾರಿ ಹಿಡಿಯುತ್ತದೆ. ಗೋಡೆ ಒಂಟಿಯಾಗಿ ನಿಂತಿರುತ್ತದೆ. ಬಂಡೆ ತಲುಪದೆ ಕಟ್ಟಿದರೆ ಅಡಿಯಿಂದ ಸೋರಿಕೆ. ದಾನ ಕೊಡುವವರು ಇದನ್ನು ತಿಳಿದಿರಬೇಕು, ಏಕೆಂದರೆ ಫಲಕದ ಮೇಲೆ ಹೆಸರು ಕೆತ್ತಿಸುವ ಆತುರದಲ್ಲಿ ಜಾಗದ ಪರೀಕ್ಷೆಯನ್ನು ಮರೆಯುವವರೂ ಉಂಟು.

ಇನ್ನು ಕಟ್ಟುವವರ ವಿಷಯ. ಕಂಬಾ ಜನರಲ್ಲಿ 'ಮ್ವೆಥ್ಯಾ' ಎಂಬ ಪದ್ಧತಿ ಇದೆ. ಒಬ್ಬರ ಹೊಲದ ಕೆಲಸಕ್ಕೆ ಊರವರೆಲ್ಲ ಸೇರುವುದು, ಆಮೇಲೆ ಸರದಿಯಂತೆ ಇನ್ನೊಬ್ಬರ ಹೊಲಕ್ಕೆ. ನಮ್ಮ ಮುಯ್ಯಾಳು ಪದ್ಧತಿಯೇ! ಕೂಲಿ ಇಲ್ಲ, ಲೆಕ್ಕ ಬಾಯಲ್ಲೇ. ಈಗಿನ ಸ್ವಸಹಾಯ ಗುಂಪುಗಳು ಅದರ ಮೇಲೆಯೇ ನಿಂತಿವೆ, ಮತ್ತು ಅದರಲ್ಲಿ ಹೆಂಗಸರೇ ಹೆಚ್ಚು. 1978ರಲ್ಲಿ ಮಾಚಾಕೋಸ್‌ನ ಉಟೂನಿ ಎಂಬಲ್ಲಿ ಜೋಶುವಾ ಮುಕುಸ್ಯಾ ಎಂಬವರು ಕೆಲವೇ ಕುಟುಂಬಗಳನ್ನು ಜೊತೆಗೂಡಿಸಿಕೊಂಡು ಇಂಥ ಕೆಲಸ ಆರಂಭಿಸಿದರು. ಕಿಟುಯಿಯಲ್ಲಿ 1990ರ ದಶಕದಿಂದ ಸಾಸೋಲ್ ಎಂಬ ಸಂಸ್ಥೆ ಜನರೊಡನೆ ಸೇರಿ ನೂರಾರು ಅಣೆಕಟ್ಟುಗಳನ್ನು ಕಟ್ಟಿದೆ. ಕಲ್ಲು, ಮರಳು, ನೀರು ಹೊತ್ತು ತರುವುದು, ಅಗೆಯುವುದು ಊರವರ ಪಾಲು. ಸಿಮೆಂಟು, ಕಬ್ಬಿಣ, ತಾಂತ್ರಿಕ ಸಲಹೆ ಹೊರಗಿನವರ ಪಾಲು. ದೇಣಿಗೆಯ ಹಣ ಬೇಕಾಗುವುದು ಈ ಎರಡನೆಯದಕ್ಕೆ.

ಈ ಜನರನ್ನು ಕೈಚಾಚುವವರೆಂದು ತಿಳಿದರೆ ತಪ್ಪಾದೀತು. ನಾವು ಸಿಟಿ ಮಾರ್ಕೆಟ್ಟಿಗೆ ಹೋಗುವಾಗ ಮುಯಿಂದಿ ಎಂಬಿಂಗು ಬೀದಿಯಲ್ಲಿ ಓಡಾಡುತ್ತೇವೆ. ಆತ ಒಬ್ಬ ಕಂಬಾ ಮುಖಂಡ. 1938ರಲ್ಲಿ ಬ್ರಿಟಿಷ್ ಸರಕಾರ ದನ ಹೆಚ್ಚಾಗಿ ಭೂಮಿ ಹಾಳಾಯಿತೆಂದು ಕಂಬಾ ಜನರ ದನಗಳನ್ನು ಬಲವಂತವಾಗಿ ಹಿಡಿದು ಮಾರತೊಡಗಿದಾಗ, ಸಾವಿರಾರು ಜನ ನೈರೋಬಿಗೆ ಬಂದು ಗವರ್ನರನ್ನು ಕಾಣುವೆವೆಂದು ಬೀಡುಬಿಟ್ಟರು. ಸರಕಾರ ಕೊನೆಗೆ ಹಿಂದೆಗೆಯಿತು. ಎಂಬಿಂಗುವನ್ನು ಮಾತ್ರ ಲಾಮುವಿಗೆ ಗಡೀಪಾರು ಮಾಡಿತು. ಅಂದು ಅಧಿಕಾರಿಗಳು ಕೆಟ್ಟುಹೋಯಿತೆಂದು ಕೈಬಿಟ್ಟಿದ್ದ ಮಾಚಾಕೋಸ್‌ನಲ್ಲಿ ಮುಂದಿನ ಐದಾರು ದಶಕಗಳಲ್ಲಿ ಜನಸಂಖ್ಯೆ ಐದು ಪಟ್ಟು ಏರಿತು, ಆದರೆ ಮಣ್ಣಿನ ಸವಕಳಿ ಕಡಿಮೆಯಾಯಿತು. ಕಾರಣ, ಇಳಿಜಾರಿನಲ್ಲಿ ಮಣ್ಣನ್ನು ಮೇಲಕ್ಕೆ ಎಸೆದು ಕಟ್ಟುವ 'ಫಾನ್ಯಾ ಜೂ' ಬದುಗಳು. 1994ರಲ್ಲಿ ಪ್ರಕಟವಾದ 'ಮೋರ್ ಪೀಪಲ್, ಲೆಸ್ ಇರೋಷನ್' ಎಂಬ ಪುಸ್ತಕ ಈ ಕಥೆಯನ್ನು ಲೋಕಕ್ಕೆ ಸಾರಿತು.

ಇದರಲ್ಲಿ ನೈರೋಬಿಯ ನಮ್ಮ ಪಾತ್ರವೇನು? ಸಾಮಾನ್ಯವಾಗಿ ಯಾರೂ ಹೇಳದ ಒಂದು ಮಾತಿದೆ. ನೈರೋಬಿಯ ಕಟ್ಟಡಗಳಿಗೆ ಮರಳು ಬರುವುದು ಇದೇ ಮಾಚಾಕೋಸ್, ಮಕುವೇನಿಯ ನದಿಗಳಿಂದ. ಪಾರ್ಕ್‌ಲ್ಯಾಂಡ್ಸ್, ವೆಸ್ಟ್‌ಲ್ಯಾಂಡ್ಸ್‌ಗಳಲ್ಲಿ ಏಳುತ್ತಿರುವ ಅಪಾರ್ಟ್‌ಮೆಂಟುಗಳ ಪ್ರತಿ ಲಾರಿ ಮರಳಿನೊಡನೆ ಯಾವುದೋ ಹಳ್ಳಿಯ ಒರತೆಯೂ ಬಂದಿರಬಹುದು. ಮಕುವೇನಿ ಕೌಂಟಿ 2015ರಲ್ಲಿ ಮರಳು ಸಂರಕ್ಷಣೆಗೆಂದೇ ಒಂದು ಕಾಯಿದೆ ಮಾಡಿತು. ಊರಿನಲ್ಲಿ ಬೆಂಗಳೂರಿಗಾಗಿ ಬರಿದಾದ ಹೊಳೆಗಳನ್ನು ಕಂಡ ನಮಗೆ ಇದನ್ನು ವಿವರಿಸಬೇಕಿಲ್ಲ. ಆದ್ದರಿಂದ ಇಲ್ಲಿ ಕೊಡುವುದನ್ನು ದಾನವೆನ್ನುವುದಕ್ಕಿಂತ ಮುಯ್ಯಿ ಎನ್ನುವುದೇ ಸರಿ ಎಂದು ನಮಗನ್ನಿಸುತ್ತದೆ.

ಹರಾಂಬೀ ಎಂಬ ಪದ ಈ ದೇಶದಲ್ಲಿ ಎಲ್ಲರ ಬಾಯಲ್ಲಿದೆ. ಎಲ್ಲರೂ ಸೇರಿ ಎಳೆಯೋಣ ಎಂದರ್ಥ. ಸ್ವಾತಂತ್ರ್ಯ ಬಂದ 1963ರಲ್ಲಿ ಜೋಮೊ ಕೆನ್ಯಾಟ್ಟಾ ಅದನ್ನು ನಾಡಿನ ಘೋಷಣೆಯಾಗಿಸಿದರು. ನಂತರದ ವರ್ಷಗಳಲ್ಲಿ ಅದು ರಾಜಕಾರಣಿಗಳ ಹಣ ಹಂಚುವ ವೇದಿಕೆಯೂ ಆಯಿತು. 2003ರ ಕಾಯಿದೆಯಿಂದ ಸರಕಾರಿ ಅಧಿಕಾರಿಗಳ ವಸೂಲಿಗೆ ಕಡಿವಾಣ ಬಿತ್ತು. 2024ರ ಜುಲೈನಲ್ಲಿ ಅಧಿಕಾರದಲ್ಲಿರುವವರು ಹರಾಂಬೀಗಳಲ್ಲಿ ಭಾಗವಹಿಸಬಾರದೆಂದು ಅಧ್ಯಕ್ಷರೇ ಘೋಷಿಸಿದರು. ವೇದಿಕೆಯ ಹರಾಂಬೀ ಹೀಗಾದರೂ ನದಿಯ ತಳದ ಹರಾಂಬೀ ನಡೆದೇ ಇದೆ.

ನಮ್ಮ ಸಮಾಜದಲ್ಲಿ ಪ್ರತಿ ವರ್ಷ ಒಂದು ಚರ್ಚೆ ಏಳುತ್ತದೆ: ಕೂಡಿಸಿದ ಹಣದಲ್ಲಿ ಆಹಾರ ಹಂಚಬೇಕೋ, ಇಂಥ ಕಾಮಗಾರಿಗೆ ಕೊಡಬೇಕೋ? 2020ರ ಕೊನೆಯಿಂದ ಸತತ ಐದು ಮಳೆಗಾಲ ಕೈಕೊಟ್ಟಾಗ ಹಿಟ್ಟು, ಬೇಳೆ ಹಂಚುವುದೇ ಧರ್ಮವಾಗಿತ್ತು. ಹಸಿದವನಿಗೆ ಅಣೆಕಟ್ಟಿನ ನಕ್ಷೆ ತೋರಿಸಲಾಗದು. ಆದರೆ 2023ರ ಕೊನೆಯಲ್ಲೂ 2024ರಲ್ಲೂ ಅದೇ ನಾಡಿನಲ್ಲಿ ಪ್ರವಾಹ ಬಂತು. ನೀರೆಲ್ಲ ಸಮುದ್ರಕ್ಕೆ ಹೋಯಿತು. ಬರದ ವರ್ಷ ಆಹಾರಕ್ಕೆ, ಉಳಿದ ವರ್ಷ ಗೋಡೆಗೆ ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರು ವಾರ್ಷಿಕ ಸಭೆಯಲ್ಲಿ ಖಂಡಿತ ಹೇಳಬೇಕು.

ಹಣ ಕೊಡುವ ಮುನ್ನ ಯಾವುದೇ ಸಂಸ್ಥೆಯನ್ನು ಕೇಳಬೇಕಾದದ್ದು ಇಷ್ಟು. ಗೋಡೆ ಬಂಡೆಯ ಮೇಲೆ ನಿಲ್ಲುತ್ತದೆಯೇ? ಮರಳನ್ನು ಪರೀಕ್ಷಿಸಿದ್ದಾರೆಯೇ? ಊರ ಗುಂಪು ಮೊದಲೇ ಬದು ಹಾಕಿ ಕೆಲಸ ತೋರಿಸಿದೆಯೇ? ಪಂಪು ಕೆಟ್ಟರೆ ರಿಪೇರಿಗೆ ಯಾರು ಹೊಣೆ? ಸಾಧ್ಯವಾದರೆ ಹೋಗಿ ನೋಡಿ. ಕಟ್ಟುವ ಕೆಲಸ ನಡೆಯುವುದು ಮಳೆಯಿಲ್ಲದ ಕಾಲದಲ್ಲಿ, ಜೂನಿನಿಂದ ಸೆಪ್ಟೆಂಬರ್ ತನಕ. ಮಾಚಾಕೋಸ್ ಪಟ್ಟಣ ನೈರೋಬಿಯಿಂದ ಸುಮಾರು 65 ಕಿಲೋಮೀಟರ್, ಒಂದು ಭಾನುವಾರದ ಪಿಕ್ನಿಕ್ಕಿನಷ್ಟು ದೂರ. ಒಳ ರಸ್ತೆಗಳು ಕಚ್ಚಾ ಇರುವುದರಿಂದ ಎತ್ತರದ ವಾಹನ ಒಳ್ಳೆಯದು. ಬೆಳಿಗ್ಗೆ ಬೇಗ ಹೊರಡಿ, ಏಕೆಂದರೆ ಗುಂಪಿನವರು ಬಿಸಿಲೇರುವ ಮುನ್ನವೇ ಕಲ್ಲು ಹೊರಲು ತೊಡಗಿರುತ್ತಾರೆ.