ಸೋತವನು ಕಂಡ ಖಾಸಬಾಗ

ಚಿಕ್ಕೋಡಿಯಿಂದ ಹೊರಟ ಬಸ್ಸು ನಿಪ್ಪಾಣಿಯ ನಿಲ್ದಾಣದಲ್ಲಿ ಕೆಲಹೊತ್ತು ತಂಗಿ, ಯಮಗರ್ಣಿಯ ಬಳಿ ವೇದಗಂಗೆಯನ್ನೂ, ಕೋಗನೊಳ್ಳಿಯನ್ನು ಹಿಂದಿಕ್ಕಿದ ಮೇಲೆ ದೂಧಗಂಗೆಯನ್ನೂ ದಾಟಿ ಕಾಗಲದ ಸೀಮೆಯನ್ನು ಪ್ರವೇಶಿಸುವವರೆಗೂ ನನ್ನ ದೃಷ್ಟಿ ಪಕ್ಕದಲ್ಲಿ ಕುಳಿತಿದ್ದ ವೃದ್ಧರ ಎಡಗಿವಿಯನ್ನು ಬಿಟ್ಟು ಕದಲಲಿಲ್ಲ. ಆ ಕಿವಿಗೆ ಕಿವಿಯ ಆಕಾರವಿರಲಿಲ್ಲ. ಒಳಗಿನ ಮಡಿಕೆಗಳೆಲ್ಲ ಒಂದರೊಳಗೊಂದು ಬೆಸೆದು, ನಿಪ್ಪಾಣಿಯ ಪೇಟೆಯಲ್ಲಿ ಸುರುಳಿಗಟ್ಟಿ ಒಣಗಿದ ತಂಬಾಕಿನೆಲೆಯಂತೆ ಮುದುಡಿ, ಕಡೆಗೆ ಒಂದು ಗಂಟಾಗಿ ನಿಂತಿತ್ತು. ಎದುರಾಳಿಯ ತೋಳಿಗೂ ತಲೆಗೂ ವರ್ಷಾನುಗಟ್ಟಲೆ ಉಜ್ಜಿ, ಚರ್ಮದ ಅಡಿಯಲ್ಲಿ ರಕ್ತ ಹೆಪ್ಪುಗಟ್ಟಿ, ಮೃದ್ವಸ್ಥಿ ಪೋಷಣೆ ತಪ್ಪಿ ಮುರುಟಿ ಹೀಗಾಗುವುದೆಂದು ವೈದ್ಯಶಾಸ್ತ್ರ ಹೇಳುತ್ತದೆ. ಗರಡಿಯವರು ಮಾತ್ರ ‘ಕಿವಿ ಮುರಿದೈತಿ’ ಎಂದಷ್ಟೇ ನುಡಿದು, ಬೇರಾವ ಪದಕವೂ ಇಲ್ಲದ ಪೈಲ್ವಾನನಿಗೆ ಅದನ್ನೇ ಪದಕವೆಂದು ಮನ್ನಿಸುತ್ತಾರೆ.

ಚಿಕ್ಕೋಡಿ ಕಡೆಯ ಒಂದು ಹಳ್ಳಿಯ ಈ ವಸ್ತಾದರು (ಗರಡಿಯ ಗುರುವಿಗೆ ನಮ್ಮ ಸೀಮೆಯಲ್ಲಿ ಸಲ್ಲುವ ಹೆಸರು ಅದು) ಎಂಬತ್ತರ ಸಮೀಪದಲ್ಲಿದ್ದಾರೆ. ತಾರುಣ್ಯದಲ್ಲಿ ಮೂರು ವರ್ಷ ಕೊಲ್ಲಾಪುರದ ತಾಲೀಮೊಂದರಲ್ಲಿದ್ದು, ಊರಿನಿಂದ ಬರುತ್ತಿದ್ದ ಜೋಳದ ಹಿಟ್ಟು ತುಪ್ಪಗಳ ಮೇಲೆ ದೇಹವನ್ನು ಬೆಳೆಸಿ, ಅಲ್ಲಿಯ ಖಾಸಬಾಗ ಕುಸ್ತಿ ಮೈದಾನದ ಕಣದಲ್ಲಿ ಒಮ್ಮೆ, ಒಂದೇ ಒಂದು ಸಲ, ಕುಸ್ತಿ ಹಿಡಿದವರು. ಆ ಕುಸ್ತಿಯಲ್ಲಿ ಅವರು ಸೋತರು. ಸೋತ ಸ್ಥಳವನ್ನು ಕಣ್ಣು ಮಂಜಾಗುವ ಮುನ್ನ ಇನ್ನೊಮ್ಮೆ ನೋಡಬೇಕೆಂಬ ಅವರ ಹಂಬಲವನ್ನು ಕೇಳಿದ ದಿನವೇ ನಾನೂ ಜೊತೆಗೆ ಬರುವೆನೆಂದು ನಿಶ್ಚಯಿಸಿದ್ದೆ.

ಮೈದಾನದ ಇತಿಹಾಸವನ್ನು ಕೊಲ್ಲಾಪುರದವರು ನಾಲ್ಕು ಮಾತಿನಲ್ಲಿ ಮುಗಿಸುತ್ತಾರೆ. ಏಳನೆಯ ಎಡ್ವರ್ಡನ ಪಟ್ಟಾಭಿಷೇಕದ ನಿಮಿತ್ತ 1902ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮಾಡಿದ ರಾಜರ್ಷಿ ಶಾಹೂ ಛತ್ರಪತಿಗಳು ರೋಮ್ ನಗರದಲ್ಲಿ ಕೊಲೋಸಿಯಮ್ಮಿನ ಭಗ್ನಾವಶೇಷವನ್ನು ಕಂಡು, ಅಂಥ ವರ್ತುಲಾಕಾರದ ರಂಗವೊಂದು ತಮ್ಮ ರಾಜಧಾನಿಯ ಮಲ್ಲರಿಗೂ ಇರಬೇಕೆಂದು ಸಂಕಲ್ಪಿಸಿದರು. 1907ರಲ್ಲಿ ಆರಂಭವಾದ ಕೆಲಸ 1912ರಲ್ಲಿ ಸಂಪೂರ್ಣವಾಯಿತು. ಸುಮಾರು 30,000 ಜನ ಕುಳಿತು ನೋಡಬಲ್ಲ ಸ್ಥಳ ಅದಾಯಿತು. ಆದರೆ ಅದೇ 1902ರ ಜುಲೈ 26ರಂದು, ಮಹಾರಾಜರು ಇನ್ನೂ ಪರದೇಶದಲ್ಲಿರುವಾಗಲೇ, ಸಂಸ್ಥಾನದಲ್ಲಿ ತೆರವಾಗುವ ಹುದ್ದೆಗಳಲ್ಲಿ ಶೇಕಡಾ 50ನ್ನು ಹಿಂದುಳಿದ ವರ್ಗದವರಿಗೆ ಮೀಸಲಿಡತಕ್ಕದ್ದೆಂಬ ಆಜ್ಞೆ ಹೊರಟಿತೆಂಬುದನ್ನು ನೆನೆದಾಗ, ಕಚೇರಿಯ ಪೀಠವನ್ನು ಕುರಿತು ಚಿಂತಿಸಿದ ಮನಸ್ಸೇ ಮೈದಾನದ ಪೀಠವನ್ನೂ ಕುರಿತು ಚಿಂತಿಸಿತೆಂದು ನನಗೆ ತೋರುತ್ತದೆ. ಈ ಅರಸರು ನಮಗೆ ಪರಕೀಯರೂ ಅಲ್ಲ. ರಾಯಬಾಗದ ಸೀಮೆ ಆಗ ಕೊಲ್ಲಾಪುರ ಸಂಸ್ಥಾನದ್ದೇ; 1949ರಲ್ಲಿ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾದ ತರುವಾಯವಷ್ಟೇ ಅದು ಬೆಳಗಾವಿ ಜಿಲ್ಲೆಯನ್ನು ಸೇರಿತು. ಖಾಸಬಾಗದ ಕಲ್ಲುಗಳನ್ನು ಕಟ್ಟಿಸಿದ ಬೊಕ್ಕಸಕ್ಕೆ ಕನ್ನಡ ನಾಡಿನ ಕಂದಾಯವೂ ಸಂದಿತ್ತೆಂಬುದನ್ನು ನಮ್ಮವರು ಮರೆತಿದ್ದಾರೆ.

ನಾವು ಹೋದ ದಿನ ಕುಸ್ತಿಯಿರಲಿಲ್ಲ. ಹೊರಗೆ ತಿಂಡಿಯ ಅಂಗಡಿಗಳ ಸಾಲು, ವಾಹನಗಳ ಗದ್ದಲ. ಒಳಗೆ ಹೆಜ್ಜೆಯಿಟ್ಟೊಡನೆ ಬೇರೊಂದು ಲೋಕ. ನಡುವೆ ಕೆಂಪು ಮಣ್ಣಿನ ದುಂಡನೆಯ ಕಣ. ಸುತ್ತಲೂ ಇಳಿಜಾರಾಗಿ ಏರುತ್ತಾ ಹೋಗುವ ಆಸನಪಂಕ್ತಿಗಳು. ಸಂದುಗಳಲ್ಲಿ ಮಳೆಗಾಲದ ಹಸುರು. ಕೊಲೋಸಿಯಮ್ಮಿನಂತೆ ಇಲ್ಲಿ ಗಗನವನ್ನು ಮುಟ್ಟುವ ಕಮಾನುಗಳಿಲ್ಲ, ಬೆರಗುಗೊಳಿಸುವ ಶಿಲ್ಪವಿಲ್ಲ. ಇಲ್ಲಿಯ ಸೊಬಗೆಲ್ಲ ಆ ಇಳಿಜಾರಿನಲ್ಲಿದೆ. ಕುಸ್ತಿಯೆಂಬುದು ನೆಲಕ್ಕಂಟಿ ನಡೆಯುವ ಆಟ; ಮಲ್ಲರು ಕೆಳಗುರುಳಿದ ಮೇಲೆಯೇ ಅದರ ನಿಜವಾದ ರಹಸ್ಯಗಳು ತೆರೆದುಕೊಳ್ಳುತ್ತವೆ; ಸಮತಲದ ಬಯಲಿನಲ್ಲಿ ಮುಂದಿನ ಸಾಲಿನವನ ಬೆನ್ನಲ್ಲದೆ ಹಿಂದಿನವನಿಗೆ ಏನೂ ಕಾಣದು. ಇಲ್ಲಿಯಾದರೋ, ಎಲ್ಲರಿಗಿಂತ ಹಿಂದೆ, ಎಲ್ಲರಿಗಿಂತ ಮೇಲೆ ಕುಳಿತ ಕೂಲಿಯವನಿಗೂ ಮಲ್ಲನ ಬೆನ್ನು ನೆಲಕ್ಕೆ ತಾಗಿತೋ ಇಲ್ಲವೋ ಎಂಬುದು ನಿಸ್ಸಂದೇಹವಾಗಿ ಕಾಣುತ್ತದೆ. ನಾನು ಬೇರೆ ಬೇರೆ ನಾಲ್ಕು ಕಡೆ ಕುಳಿತು ಪರೀಕ್ಷಿಸಿದೆ. ಎಲ್ಲಿಂದಲೂ ಕಣವು ಅಂಗೈಯಲ್ಲಿಟ್ಟಂತೆ ತೋರಿತು.

ವಸ್ತಾದರು ಕಣದೊಳಕ್ಕೆ ಇಳಿಯಲಿಲ್ಲ. ಸ್ನಾನ ಮಾಡಿ ಲಂಗೋಟಿ ಕಟ್ಟಿ ಇಳಿಯತಕ್ಕ ಸ್ಥಳಕ್ಕೆ ಬಸ್ಸಿನ ಧೂಳು ಹೊತ್ತು ಇಳಿಯಲಾಗದೆಂದು ಅಂಚಿನಲ್ಲಿಯೇ ಪಾದರಕ್ಷೆ ಕಳಚಿ ನಿಂತು, ಬಗ್ಗಿ ಒಂದು ಚಿಟಿಕೆ ಮಣ್ಣನ್ನು ಬೆರಳುಗಳ ನಡುವೆ ತಿಕ್ಕಿ ಮೂಸಿ ನೋಡಿದರು. ಆ ಮೇಲೆ ಅವರು ಮಣ್ಣನ್ನು ಕುರಿತು ಮಾತಾಡತೊಡಗಿದರು. ಅರ್ಧ ತಾಸು ಬೇರೆ ವಿಷಯವೇ ಬರಲಿಲ್ಲ. ಕಲ್ಲು ಹರಳುಗಳು ಒಂದೂ ಉಳಿಯದಂತೆ ಸಾಣಿಗೆ ಹಿಡಿದ ಕೆಂಪು ಮಣ್ಣಿಗೆ ಕಾವಿ, ಅರಿಶಿನ, ಎಣ್ಣೆ, ನಿಂಬೆಯ ರಸ, ಮಜ್ಜಿಗೆ ಇವನ್ನೆಲ್ಲ ಬೆರಸಿ ದಿನಗಟ್ಟಲೆ ಹದಗೊಳಿಸುವುದು. ತರಚಿದ ಮೈಗೆ ನಂಜೇರದಂತೆ ಅರಿಶಿನ, ಧೂಳೇಳದಂತೆ ಎಣ್ಣೆ. ಮಜ್ಜಿಗೆ ಹೆಚ್ಚಾದರೆ ಮಣ್ಣು ಹೆಂಟೆಗಟ್ಟೀತು, ಕಡಮೆಯಾದರೆ ಕಣ್ಣಿಗೆ ಹಾರೀತು. ನಸುಕಿನಲ್ಲಿ ಹುಡುಗರು ಸಾಮು ಮಾಡುವ ಮೊದಲು ಸಲಿಕೆಯಿಂದ ಅಡಿಮೇಲಾಗಿ ಅಗೆದು ಮಗುಚಬೇಕು, ಆ ಅಗೆತವೇ ತೋಳಿಗೆ ಮೊದಲನೆಯ ವ್ಯಾಯಾಮ. ಕುಸ್ತಿಗೆ ನಿಂತ ಇಬ್ಬರೂ ಒಬ್ಬರ ಮೈಗೊಬ್ಬರು ಮಣ್ಣನ್ನೆರಚುವುದು ಬೆವರಿನ ಜಾರಿಕೆ ಕಳೆಯಲೆಂದು ನಾನು ತಿಳಿದಿದ್ದೆ. ವಸ್ತಾದರು ಒಪ್ಪಿದರು; ಒಪ್ಪಿದ ಮೇಲೆ, “ಅಷ್ಟ ಅಲ್ರಿ, ಇಬ್ಬರದೂ ಬಣ್ಣ ಒಂದ ಆಗಬೇಕ್ರಿ” ಎಂದರು. ಪಟ್ಟುಗಳ ವಿಷಯವನ್ನು ಕೇಳಿದರೆ ಮಾತ್ರ ಒಂದೆರಡರ ಹೆಸರು ಹೇಳಿ ನಕ್ಕು ಸುಮ್ಮನಾದರು; ಅವು ಬಾಯಲ್ಲಿ ಹೇಳುವಂಥವಲ್ಲವೆಂಬುದು ಅವರ ಅಭಿಪ್ರಾಯ.

ಅವರ ಆ ಒಂದು ಕುಸ್ತಿಗೆ ಐವತ್ತು ವರ್ಷ ಮೀರಿದೆ. ದಿನದ ದೊಡ್ಡ ಜೋಡಿಗಳು ಕಣಕ್ಕಿಳಿಯುವುದಕ್ಕೆ ಮುಂಚೆ ಜನರನ್ನು ಕಾವೇರಿಸಲೆಂದು ಬಿಡುವ ಸಣ್ಣ ಕುಸ್ತಿಗಳಲ್ಲಿ ಅದೊಂದು. ಹಲಗೆಯ ಸದ್ದಿನಲ್ಲಿ ಕೈಕೈ ಕೂಡಿದ್ದು, ಕತ್ತಿನ ಮೇಲೆ ಎದುರಾಳಿಯ ತೋಳಿನ ಭಾರ ಬಿದ್ದದ್ದು, ತಾನು ಒಳಕ್ಕೆ ನುಗ್ಗಿದ್ದು, ನುಗ್ಗಿದ ವೇಗವನ್ನೇ ಆತ ಹಿಡಿದು ತಿರುವಿದ್ದು, ಇಷ್ಟೇ ಜ್ಞಾಪಕ. ಮರುಕ್ಷಣದಲ್ಲಿ ಬೆನ್ನು ನೆಲಕ್ಕೆ ತಾಗಿತ್ತು. ಎಷ್ಟು ಹೊತ್ತು ನಡೆಯಿತೆಂದು ಕೇಳಿದೆ. ಒಂದು ಬೀಡಿ ಸೇದುವಷ್ಟೂ ಇಲ್ಲವೆಂದರು. ಅನಂತರ ಅವರು ನುಡಿದ ಮಾತಿಗಾಗಿಯೇ ನಾನು ಈ ಲೇಖನವನ್ನು ಬರೆಯುತ್ತಿದ್ದೇನೆ. “ಗೆದ್ದಾಂವಗ ನಾ ಒಬ್ಬಾಂವ ಕಂಡಿದ್ನಿ. ನನಗ ಇಡೀ ಖಾಸಬಾಗ ಕಂಡಿತ್ರಿ.” ಗೆದ್ದವನು ಮೊಣಕಾಲೂರಿ ಕೆಳಗೆ ಬಿದ್ದವನನ್ನೇ ನೋಡುತ್ತಿರಲು, ಅಂಗಾತ ಬಿದ್ದವನ ಕಣ್ಣಿಗೆ ಸುತ್ತಲಿನ ಇಳಿಜಾರು ಪೂರ್ಣವಾಗಿ ಕಾಣಿಸಿಕೊಂಡಿತು: ಒಂದರ ಮೇಲೊಂದು ವರ್ತುಲವಾಗಿ ಮುಖಗಳು, ಮುಖಗಳ ಮೇಲೆ ರುಮಾಲುಗಳು, ಎಲ್ಲಕ್ಕೂ ಮೇಲೆ ದುಂಡಗೆ ಕತ್ತರಿಸಿಟ್ಟಂತಹ ಆಕಾಶ. ಸೋತೆನೆಂಬ ಅರಿವು ಬರುವುದಕ್ಕೆ ಮೊದಲು ಆ ನೋಟ ಬಂದಿತ್ತಂತೆ. ಕಡೆಯ ಮನುಷ್ಯನಿಗೂ ಕಣ ಕಾಣಬೇಕೆಂದು ಕಟ್ಟಿದ ಸ್ಥಳದಲ್ಲಿ, ಕಣದ ಮಣ್ಣಿನಲ್ಲಿ ಬಿದ್ದವನಿಗೆ ಕಡೆಯ ಮನುಷ್ಯನೂ ಕಾಣುತ್ತಾನೆ. ಕಟ್ಟಿಸಿದವರು ಇದನ್ನು ಆಲೋಚಿಸಿದ್ದರೋ ಏನೋ, ಇಳಿಜಾರಂತೂ ಎರಡು ಕಡೆಗೂ ನ್ಯಾಯವಾಗಿ ನಡೆದುಕೊಂಡಿದೆ.

ಕೊಲ್ಲಾಪುರದ ಮಣ್ಣಿನ ಕೀರ್ತಿ ದೂರಕ್ಕೆ ಹೋದದ್ದು ಖಾಶಾಬಾ ಜಾಧವರಿಂದ. ಕರಾಡದ ಹತ್ತಿರದ ಗೋಳೇಶ್ವರದ ಈ ತರುಣ ಕೊಲ್ಲಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಪಡೆದು, ಸ್ವತಂತ್ರ ಭಾರತಕ್ಕೆ ಮೊದಲನೆಯ ವೈಯಕ್ತಿಕ ಪದಕವನ್ನು ತಂದರು. ಅವರನ್ನು ಕಳುಹಿಸುವುದಕ್ಕಾಗಿ ಪ್ರಿನ್ಸಿಪಾಲ್ ಖರ್ಡೇಕರರು ತಮ್ಮ ಮನೆಯನ್ನೇ 7,000 ರೂಪಾಯಿಗೆ ಅಡವಿಟ್ಟರು. ಎರಡನೆಯ ವೈಯಕ್ತಿಕ ಪದಕಕ್ಕೆ ದೇಶವು 44 ವರ್ಷ ಕಾಯಬೇಕಾಯಿತು. ಒಲಿಂಪಿಕ್ಸಿನ ಕುಸ್ತಿ ನಡೆಯುವುದು ಮ್ಯಾಟಿನ ಮೇಲೆ, ಮೂರು ಮೂರು ನಿಮಿಷದ ಎರಡು ಸುತ್ತುಗಳಲ್ಲಿ, ಅಂಕಗಳ ಲೆಕ್ಕದಲ್ಲಿ; ನಮ್ಮ ಜಾತ್ರೆಗಳ ಜಂಗಿ ನಿಕಾಲಿ ಕುಸ್ತಿಯಾದರೋ ಬೆನ್ನು ನೆಲಕ್ಕೆ ತಾಗುವವರೆಗೆ. ಪದಕ ಬೇಕಾದವರು ಮ್ಯಾಟಿಗೆ ಹೋಗಲೇಬೇಕು, ಅದರಲ್ಲಿ ತಪ್ಪೇನೂ ಇಲ್ಲ. ಹಾಗೆಂದು ಮಣ್ಣನ್ನು ಮರೆಯುವುದು ಸಲ್ಲದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟು, ಮಲ್ಲರ ತರಗತಿಗಳನ್ನೂ ಆಹಾರವನ್ನೂ ಅಭ್ಯಾಸವನ್ನೂ ವಿವರಿಸಿದ ನಾಡು ನಮ್ಮದು.

ಮೈದಾನದ ಮಗ್ಗುಲಲ್ಲಿಯೇ, ಶಾಹೂ ಮಹಾರಾಜರು 1915ರಲ್ಲಿ ಪೂರೈಸಿದ ನಾಟಕಗೃಹವಿದೆ. ಈಗ ಅದು ಕೇಶವರಾವ ಭೋಸಲೆಯವರ ಹೆಸರನ್ನು ಧರಿಸಿದೆ. ಆ ಮಹಾನಟರು ತಮ್ಮ ‘ಲಲಿತಕಲಾದರ್ಶ’ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದ್ದು ನಮ್ಮ ಹುಬ್ಬಳ್ಳಿಯಲ್ಲಿ. 2024ರ ಆಗಸ್ಟ್ 8ರ ರಾತ್ರಿ, ಅವರ ಜಯಂತಿಯ ಮುನ್ನಾದಿನ, ಆ ನಾಟಕಗೃಹ ಬೆಂಕಿಗೆ ಆಹುತಿಯಾಯಿತು. ವಸ್ತಾದರು ಆ ಕಡೆಗೆ ನೋಡಿ, ಮುಖ ತಿರುಗಿಸಿದರು. ನೂರು ವರ್ಷ ನಿಂತದ್ದು ಒಂದು ರಾತ್ರಿಯಲ್ಲಿ ಹೋಗಬಲ್ಲುದೆಂಬ ಭಯ, ಅಲ್ಲಿಯ ಗೋಡೆಯನ್ನು ಕಂಡ ಮೇಲೆ, ನನಗೆ ಮೈದಾನದ ಬಗೆಗೂ ಹುಟ್ಟಿತು.

ಅದಕ್ಕಿಂತ ಸದ್ದಿಲ್ಲದೆ ಹೋಗುತ್ತಿರುವವು ನಮ್ಮ ಗರಡಿಮನೆಗಳು. ಅಥಣಿ, ಕಾಗವಾಡ, ರಾಯಬಾಗಗಳ ಹಳ್ಳಿಗಳಲ್ಲಿ ಮಾರುತಿಯ ಗುಡಿಯ ಹತ್ತಿರ ತಗ್ಗಾದ ಬಾಗಿಲಿನ, ಕಿರಿದಾದ ಕಿಟಕಿಯ ಆ ಮನೆಗಳು ಇನ್ನೂ ಅಲ್ಲಲ್ಲಿ ನಿಂತಿವೆ. ಆದರೆ ಎಷ್ಟೋ ಕಡೆ ಒಳಗೆ ಗೊಬ್ಬರದ ಚೀಲಗಳಿವೆ. ಖಾಸಬಾಗಕ್ಕೆ ಮಲ್ಲರನ್ನು ಕಳುಹಿಸಿದ ಬೇರುಗಳು ಇವು. ಪ್ರತಿ ಪಂಚಾಯತಿಯೂ ಒಂದು ಗರಡಿಯ ಮಾಡನ್ನು ಸರಿಪಡಿಸಿ, ಎರಡು ಗಾಡಿ ಕೆಂಪು ಮಣ್ಣನ್ನು ತರಿಸಿಕೊಟ್ಟರೆ ಅದು ದೊಡ್ಡ ವೆಚ್ಚವಾಗಲಾರದು.

ಹೊರಡುವ ಮುನ್ನ ವಸ್ತಾದರು ಕಷ್ಟಪಟ್ಟು ಒಂದೊಂದೇ ಮೆಟ್ಟಿಲನ್ನೇರಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಕುಳಿತರು. ಹುಡುಗನಾಗಿದ್ದಾಗ ತಾಲೀಮಿನವರೊಡನೆ ಕಣದ ಹತ್ತಿರವೇ ಕೂರುತ್ತಿದ್ದುದರಿಂದ, ಅಲ್ಲಿಗೆ ಏರಿದ್ದು ಅದೇ ಮೊದಲಂತೆ. ಬಹಳ ಹೊತ್ತು ಕೆಳಗೆ ನೋಡಿ, ಕೈಯೆತ್ತಿ ಕಣದ ಒಂದು ಭಾಗವನ್ನು ತೋರಿಸಿದರು. ಬಿದ್ದದ್ದು ಅಲ್ಲಿ.

ಮರಳುವಾಗ ದೂಧಗಂಗೆಯ ಸೇತುವೆಯ ಮೇಲೆ ಬೆಳಕು ಇಳಿಯುತ್ತಿತ್ತು. ಅವರ ಊರಿನ ಗರಡಿಯ ಕೀಲಿ ಅವರ ಅಂಗಿಯ ಕಿಸೆಯಲ್ಲಿಯೇ ಇರುತ್ತದೆ. ಈಗ ಬರುವವರು ಇಬ್ಬರು ಹುಡುಗರು, ಪರೀಕ್ಷೆಯ ದಿನಗಳಲ್ಲಿ ಅವರೂ ಇಲ್ಲ. ನಿಪ್ಪಾಣಿಯಲ್ಲಿ ಬಸ್ಸು ಬದಲಿಸಿ, ಅವರ ಊರಿನ ಅಗಸೆಯ ಮುಂದೆ ಇಳಿಸುವಷ್ಟರಲ್ಲಿ ಕತ್ತಲಾಗಿತ್ತು. ಮರುದಿನ ಶನಿವಾರ, ನಸುಕಿನಲ್ಲಿ ಮಣ್ಣು ಮಗುಚಬೇಕು, ಮಜ್ಜಿಗೆ ಹೇಳಿಡಬೇಕೆಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಾ ಅವರು ಅಗಸೆಯೊಳಕ್ಕೆ ನಡೆದರು.