‘ನೆಲಮಂಗಲ’ ಪೌಂಡ್ ಚಿಹ್ನೆಯಿಂದ ಶುರುವಾದಾಗ

ನಮ್ಮ ಕನ್ನಡ ಸಂಘದ ಹಳೇ ಸಂಚಿಕೆಗಳನ್ನೂ ಆನ್‌ಲೈನ್‌ಗೆ ಹಾಕೋಣ ಅಂತ ಈ ಸಲ ತೀರ್ಮಾನ ಆಯ್ತು. ಸೀನಿಯರ್ ಒಬ್ಬರು ಪೆನ್ ಡ್ರೈವ್ ಕೊಟ್ಟರು. ಫೈಲ್ ತೆರೆದರೆ ಒಂದು ಕನ್ನಡ ಅಕ್ಷರವೂ ಇಲ್ಲ! ನಮ್ಮೂರ ಹೆಸರು ಇರಬೇಕಾದ ಜಾಗದಲ್ಲಿ ಮೊದಲು ಬ್ರಿಟನ್ನಿನ ಪೌಂಡ್ ಚಿಹ್ನೆ, ಆಮೇಲೆ ತಲೆ ಮೇಲೆ ಗೀಟು ಹೊತ್ತ ಇಂಗ್ಲಿಷ್ ಅಕ್ಷರ, ಅದರ ಪಕ್ಕ ಕಂಪನಿಗಳ ಹೆಸರಿನ ಹತ್ತಿರ ಕಾಣುವ ವೃತ್ತದೊಳಗಿನ ‘ಆರ್’. ಫೈಲ್ ಕೆಟ್ಟುಹೋಗಿದೆ ಅಂದುಕೊಂಡೆವು. ಕೆಟ್ಟಿರಲಿಲ್ಲ. ಅದು ನುಡಿ ಫಾಂಟಿನಲ್ಲಿ ಬರೆದಿದ್ದ ಫೈಲು, ಆ ಫಾಂಟು ನಮ್ಮ ಲ್ಯಾಪ್‌ಟಾಪಿನಲ್ಲಿ ಇರಲಿಲ್ಲ, ಅಷ್ಟೆ.

ಹೀಗೆ ಯಾಕಾಗುತ್ತೆ ಅಂತ ಹುಡುಕುತ್ತಾ ಹೋದಾಗ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಫಾಂಟಿನ ಕಥೆ ಅನ್ನಿಸಬಹುದು. ಆದರೆ ಸಾಫ್ಟ್‌ವೇರ್ ಕೆಲಸದಲ್ಲಿ ಟೀಮ್‌ವರ್ಕ್ ಅಂದ್ರೆ ನಿಜವಾಗಿ ಏನು ಅಂತ ನನಗೆ ಅರ್ಥವಾದದ್ದು ಇಲ್ಲೇ.

ಹಿಂದೆ ಕಂಪ್ಯೂಟರಿನಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್, ಅಂದರೆ ಒಟ್ಟು 256 ಜಾಗ. ಅದರಲ್ಲೂ ಮೊದಲ 128 ಇಂಗ್ಲಿಷಿನ ಆಸ್ಕಿಗೆ ಹೋಗಿತ್ತು. ನಮ್ಮ ಕಾಗುಣಿತ, ಒತ್ತಕ್ಷರ ಎಲ್ಲಾ ಸೇರಿದರೆ ಸಾವಿರಾರು ರೂಪಗಳು. ಅಷ್ಟಕ್ಕೆ ಜಾಗ ಎಲ್ಲಿದೆ? ಅದಕ್ಕೆ ಫಾಂಟ್ ಮಾಡುವವರು ಒಂದು ಉಪಾಯ ಮಾಡಿದರು. ಅಕ್ಷರವನ್ನು ತುಂಡು ಮಾಡಿ, ಆ ತುಂಡುಗಳನ್ನು ಇಂಗ್ಲಿಷ್ ಅಕ್ಷರಗಳ ಮತ್ತು ಚಿಹ್ನೆಗಳ ಜಾಗದಲ್ಲಿ ಕೂರಿಸಿದರು. ನುಡಿಯಲ್ಲಿ ‘ಮ’ ಒಂದು ಅಕ್ಷರವಲ್ಲ, ಮೂರು ತುಂಡು: ಕೆಳಗಿನ ಬಟ್ಟಲು, ತಲೆಕಟ್ಟು, ಬಾಲ. ಬಾಲ ಬಿಟ್ಟರೆ ಅದೇ ‘ವ’. ಹಾಗಾಗಿ ಈ ಫೈಲುಗಳಲ್ಲಿ ‘ವ’ ಅಂತ ಹುಡುಕಿದರೆ ಎಲ್ಲಾ ‘ಮ’ಗಳೂ ಸಿಗುತ್ತವೆ. ‘ನೆಲಮಂಗಲ’ ಅನ್ನೋ ಐದಕ್ಷರದ ಹೆಸರು ಅಲ್ಲಿ ಹತ್ತು ತುಂಡು. ಅಕಾರಾದಿಯಲ್ಲಿ ಜೋಡಿಸು ಅಂದರೆ ಕಂಪ್ಯೂಟರ್ ಪೌಂಡ್ ಚಿಹ್ನೆಯ ಕ್ರಮದಲ್ಲಿ ಜೋಡಿಸುತ್ತೆ!

ಉಪಾಯವೇನೋ ಚೆನ್ನಾಗಿಯೇ ಇತ್ತು. ಪುಟ ಮುದ್ರಿಸೋಕೆ ಸಾಕಾಗುತ್ತಿತ್ತು. ತೊಂದರೆ ಏನಾಯ್ತು ಅಂದ್ರೆ, ಶ್ರೀಲಿಪಿ, ಆಕೃತಿ, ಪ್ರಕಾಶಕ್ ಹೀಗೆ ಒಂದೊಂದು ತಂತ್ರಾಂಶವೂ ತನ್ನದೇ ರೀತಿಯಲ್ಲಿ ತುಂಡು ಮಾಡಿತು. ಇವರ ಫೈಲು ಅವರಿಗೆ ಓದಲು ಬರಲ್ಲ. ಎಲ್ಲರ ಹತ್ತಿರವೂ ಒಳ್ಳೆಯ ಎಂಜಿನಿಯರುಗಳಿದ್ದರು. ಇಲ್ಲದೇ ಇದ್ದದ್ದು ಒಪ್ಪಂದ ಒಂದೇ.

ಆ ಒಪ್ಪಂದ ಒಂದೇ ದಿನದಲ್ಲಿ ಬರಲಿಲ್ಲ. ಮೊದಲು ಕೀಲಿಮಣೆ. ಕೆ.ಪಿ. ರಾವ್ ಅವರು ಕನ್ನಡವನ್ನು ಇಂಗ್ಲಿಷ್ ಕೀಲಿಮಣೆಯ 26 ಅಕ್ಷರದ ಕೀಲಿಗಳ ಮೇಲೆ ಧ್ವನಿಗೆ ತಕ್ಕಂತೆ ಕೂರಿಸಿದರು. ‘ಕೆ’ ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ. ಇದೇ ಆಧಾರದ ಮೇಲಿನ ವಿನ್ಯಾಸವನ್ನು ಕರ್ನಾಟಕ ಸರ್ಕಾರ ಪ್ರಮಾಣಿತ ಅಂತ ಒಪ್ಪಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಸರ್ಕಾರಿ ಕಚೇರಿಗಳಿಗೆ ಹೋಯಿತು. ಇನ್ನೊಂದು ಕಡೆ 1991ರಲ್ಲೇ ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಅಂತಲೇ 128 ಜಾಗ ಮೀಸಲಾಗಿತ್ತು. ಇಲ್ಲಿ ‘ಮ’ ಅಂದ್ರೆ ‘ಮ’, ಒಂದೇ ಸಂಖ್ಯೆ. ‘ನೆಲಮಂಗಲ’ಕ್ಕೆ ಏಳು ಸಂಖ್ಯೆ ಸಾಕು: ನ, ಎತ್ವ, ಲ, ಮ, ಸೊನ್ನೆ, ಗ, ಲ. ಚಿತ್ರ ಹೇಗೆ ಬರೀಬೇಕು ಅನ್ನೋದು ಫಾಂಟಿನ ಕೆಲಸ, ಅಕ್ಷರ ಯಾವುದು ಅನ್ನೋದು ಯೂನಿಕೋಡ್‌ನ ಕೆಲಸ. ನುಡಿ, ಬರಹ ಎರಡೂ ಆಮೇಲೆ ಯೂನಿಕೋಡ್‌ಗೆ ಬಂದವು.

ಜಾಗ ಸಿಕ್ಕ ಮಾತ್ರಕ್ಕೆ ಕೆಲಸ ಮುಗಿಯಲ್ಲ. ನಮಗೆಲ್ಲ ಗೊತ್ತಿರೋ ಒಂದು ಪದ ತಗೊಳ್ಳಿ: ರ‍್ಯಾಂಕ್. ಇದನ್ನು ‘ರ್ಯಾಂಕ್’ ಅಂತ ಅರ್ಕಾವತ್ತು ಹಾಕಿ ಬರೆದಿರೋದನ್ನು ಎಷ್ಟೋ ಕಡೆ ನೋಡಿರ್ತೀರಿ. ಬರೆದವರದ್ದು ತಪ್ಪಲ್ಲ. ‘ಸೂರ್ಯ’ದಲ್ಲಿ ಆಗುವ ಹಾಗೆ ರ, ವಿರಾಮ, ಯ ಒಟ್ಟಿಗೆ ಬಂದರೆ ಅರ್ಕಾವತ್ತು ಆಗುವುದೇ ನಿಯಮ. ‘ರ’ ಪೂರ್ತಿ ಉಳಿದು ಯ ಒತ್ತಾಗಿ ಕೆಳಗೆ ಬರಬೇಕು ಅಂದರೆ ‘ರ’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಬೇಕು, ಅದರ ಹೆಸರು ಜೀರೋ ವಿಡ್ತ್ ಜಾಯ್ನರ್. ಈಗ ಲೆಕ್ಕ ಹಾಕಿ. ಆ ಸಂಕೇತ ಎಲ್ಲಿ ಬರಬೇಕು ಅಂತ ಯೂನಿಕೋಡ್ ಹೇಳಬೇಕು. ಕೀಲಿಮಣೆ ಅದನ್ನು ಟೈಪ್ ಮಾಡಲು ಬಿಡಬೇಕು. ಅಕ್ಷರ ಜೋಡಿಸುವ ತಂತ್ರಾಂಶ ಅದನ್ನು ಅರ್ಥ ಮಾಡಿಕೊಳ್ಳಬೇಕು. ಫಾಂಟಿನಲ್ಲಿ ಆ ಒತ್ತಿನ ಚಿತ್ರ ಇರಬೇಕು. ನಾಲ್ಕು ಬೇರೆ ಬೇರೆ ಗುಂಪುಗಳು, ಒಬ್ಬರ ಮುಖ ಇನ್ನೊಬ್ಬರು ನೋಡಿರಲ್ಲ. ನಾಲ್ವರಲ್ಲಿ ಒಬ್ಬರು ತಪ್ಪಿದರೂ ನಮ್ಮ ರ‍್ಯಾಂಕ್ ಕೆಟ್ಟಿತು!

ಅಕ್ಷರ ಜೋಡಿಸುವ ಆ ಕೆಲಸವನ್ನು ಇವತ್ತು ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರಲ್ಲೂ ಮಾಡುತ್ತಿರುವುದು ಹಾರ್ಫ್‌ಬಜ್ ಅನ್ನೋ ಒಂದೇ ಮುಕ್ತ ತಂತ್ರಾಂಶ. ಅಲ್ಲಿ ಯಾರೋ ಒಬ್ಬರು ಕನ್ನಡದ ಒಂದು ಒತ್ತಕ್ಷರದ ದೋಷ ತೋರಿಸಿಕೊಟ್ಟು ಅದು ಸರಿಯಾದರೆ, ಅಪ್‌ಡೇಟ್ ಆದ ಮೇಲೆ ಇಷ್ಟೂ ಕಡೆ ಸರಿಯಾಗುತ್ತೆ. ಸಮುದಾಯದ ಬೆಲೆ ಅಂದ್ರೆ ಇದು.

ಮತ್ತೆ ನಮ್ಮ ಪೆನ್ ಡ್ರೈವ್‌ಗೆ ಬರೋಣ. ನುಡಿಯ ತುಂಡುಗಳನ್ನು ಯೂನಿಕೋಡ್‌ಗೆ ತಿರುಗಿಸುವ ಪ್ರೋಗ್ರಾಮನ್ನು ನಾವು ಬರೆಯಬೇಕಾಗಿ ಬರಲಿಲ್ಲ. ಅರವಿಂದ ವಿ.ಕೆ. ಅವರು ಬರೆದ ಪರಿವರ್ತಕ ಗಿಟ್‌ಹಬ್‌ನಲ್ಲಿ ಎಲ್ಲರಿಗೂ ತೆರೆದಿದೆ. ಗುಬ್ಬಿ, ನವಿಲು ಅನ್ನೋ ಮುಕ್ತ ಫಾಂಟುಗಳೂ ಅವರವೇ. ನಾವು ನಾಲ್ಕು ಜನ ಪುಟ ಹಂಚಿಕೊಂಡೆವು. ಕ್ಷಣದಲ್ಲಿ ಕನ್ನಡ ಬಂತು. ಆದರೆ ಒಂದು ತಮಾಷೆ ಕಾದಿತ್ತು. ಲೇಖನಗಳ ನಡುವೆ ಇಂಗ್ಲಿಷ್ ಲಿಪಿಯಲ್ಲೇ ಟೈಪ್ ಮಾಡಿದ್ದ ‘ಬಿ.ಇ.’ ಒಂದು ವಿಸರ್ಗ, ಒಂದು ‘ಇ’ ಆಗಿ ಕೂತಿತ್ತು! ನುಡಿಯಲ್ಲಿ ಆ ಎರಡು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇರೋದು ಅವೇ. ಯಾವುದು ನಿಜವಾದ ಇಂಗ್ಲಿಷ್, ಯಾವುದು ಕನ್ನಡದ ತುಂಡು ಅಂತ ಬರೀ ಅಕ್ಷರ ನೋಡಿ ಯಾವ ಪ್ರೋಗ್ರಾಮ್ ತಾನೇ ಹೇಳೀತು? ಅದಕ್ಕೆ ಓದುವ ಮನುಷ್ಯರೇ ಬೇಕು. ನಮ್ಮಲ್ಲಿ ಅತಿ ಹೆಚ್ಚು ತಪ್ಪು ಹಿಡಿದವನು ಕೋಡಿಂಗ್ ಅಂದ್ರೆ ದೂರ ಓಡುವ ಸಿವಿಲ್ ಗೆಳೆಯ. ಅವನು ಜೋರಾಗಿ ಓದ್ತಿದ್ದ, ನಾಲಿಗೆ ತಡವರಿಸಿದ ಕಡೆ ನಿಲ್ಲಿಸ್ತಿದ್ದ.

ದೊಡ್ಡ ಮಟ್ಟದಲ್ಲೂ ಹೀಗೇ. ‘ವಚನ ಸಂಚಯ’ ಜಾಲತಾಣದಲ್ಲಿ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಹಾಕಿ ಹುಡುಕಬಹುದು. ಅದರ ಹಿಂದೆ ಓ.ಎಲ್. ನಾಗಭೂಷಣ ಸ್ವಾಮಿಯವರಂಥ ವಿದ್ವಾಂಸರು, ವಸುಧೇಂದ್ರ ಅವರಂಥ ಕತೆಗಾರರು, ಓಂಶಿವಪ್ರಕಾಶ್ ಅವರಂಥ ತಂತ್ರಜ್ಞರು ಒಟ್ಟಿಗೆ ಇದ್ದಾರೆ. ಪದ ಎಲ್ಲಿ ಮುರಿಯಬೇಕು, ಯಾವ ಪಾಠ ಸರಿ ಅನ್ನೋದು ಪ್ರೋಗ್ರಾಮರ್ ಒಬ್ಬನಿಗೇ ತಿಳಿಯೋದು ಕಷ್ಟ. ಸಾವಿರಾರು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಅಂತ ಕ್ಷಣದಲ್ಲಿ ತೋರಿಸೋದು ವಿದ್ವಾಂಸರೊಬ್ಬರಿಂದ ಆಗಲ್ಲ.

ಈಗ ನಮ್ಮ ಮಿನಿ ಪ್ರಾಜೆಕ್ಟ್ ನೆನಪು ಮಾಡಿಕೊಳ್ಳಿ. ನಾಲ್ಕು ಜನ, ನಾಲ್ಕು ಮಾಡ್ಯೂಲ್, ಡೆಮೋ ಹಿಂದಿನ ರಾತ್ರಿ ಜೋಡಣೆ. ಒಬ್ಬಳು ದಿನಾಂಕದಲ್ಲಿ ದಿನ ಮೊದಲು ಇಟ್ಟಿರ್ತಾಳೆ, ಇನ್ನೊಬ್ಬ ತಿಂಗಳು ಮೊದಲು. ಪ್ರತಿಯೊಬ್ಬರ ಕೋಡೂ ಅವರವರ ಲ್ಯಾಪ್‌ಟಾಪಿನಲ್ಲಿ ಓಡುತ್ತೆ, ಸೇರಿಸಿದರೆ ಓಡಲ್ಲ. ನಾವು ಹಂಚಿಕೊಂಡಿದ್ದು ಕೆಲಸವನ್ನು, ಒಪ್ಪಂದವನ್ನಲ್ಲ. ಹಳೇ ಫಾಂಟುಗಳಿಗೆ ಆದದ್ದೂ ಇದೇ ಅಲ್ವಾ?

ಹಾಗಾಗಿ ಮೂರು ಮಾತು. ಒಂದು, ಕೋಡ್ ಬರೆಯೋ ಮುಂಚೆ ಯಾರು ಯಾರಿಗೆ ಏನು, ಯಾವ ರೂಪದಲ್ಲಿ ಕೊಡಬೇಕು ಅಂತ ಒಂದು ಪುಟ ಬರೆದು ಒಪ್ಪಿಕೊಳ್ಳಿ. ಎರಡು, ಪ್ರತಿದಿನ ಜೋಡಿಸಿ, ಕೊನೇ ರಾತ್ರಿಗೆ ಬಿಡಬೇಡಿ. ಗಿಟ್ ಇರೋದೇ ಇದಕ್ಕೆ. ಲಿನಕ್ಸ್ ಕರ್ನಲ್‌ಗೆ ಜಗತ್ತಿನ ಮೂಲೆ ಮೂಲೆಯಿಂದ ಬರುವ ಕೋಡ್ ಸಂಭಾಳಿಸೋಕೆ ಅಂತಲೇ 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದರು. ಮೂರು, ದೋಷ ಕಂಡರೆ ‘ಕನ್ನಡ ಸರಿ ಬರಲ್ಲ’ ಅಂತ ಬೈದು ಸುಮ್ಮನಾಗಬೇಡಿ. ಪದ ಯಾವುದು, ಹೇಗೆ ಕಾಣಬೇಕಿತ್ತು, ಹೇಗೆ ಕಾಣ್ತಿದೆ, ಯಾವ ಫೋನು, ಯಾವ ಆ್ಯಪ್, ಯಾವ ಫಾಂಟು. ಇಷ್ಟು ಬರೆದು ಒಂದು ಸ್ಕ್ರೀನ್‌ಶಾಟ್ ಜೊತೆ ಆ ತಂತ್ರಾಂಶದವರಿಗೆ ಕಳಿಸಿ. ಇದಕ್ಕೆ ಕೋಡಿಂಗ್ ಬರಬೇಕಾಗಿಲ್ಲ, ಕನ್ನಡ ಓದಲು ಬಂದರೆ ಸಾಕು. ಪರದೇಶದಲ್ಲಿ ಕೂತು ಹಾರ್ಫ್‌ಬಜ್ ಬರೆಯುವವರ ಹತ್ತಿರ ಎಲ್ಲಾ ಇರಬಹುದು, ಕನ್ನಡ ಓದುವ ನಿಮ್ಮ ಕಣ್ಣು ಇರೋಲ್ಲ.

ಊರಿನ ಕೆಲಸವೂ ಇದೆ. ತುಮಕೂರು ಕಡೆಯ ಮತ್ತು ಹಾಸನ ಕಡೆಯ ಹೆದ್ದಾರಿಗಳು ಕವಲೊಡೆಯುವುದು ನಮ್ಮ ನೆಲಮಂಗಲದಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪ್ ಅನ್ನೋ ಮುಕ್ತ ನಕ್ಷೆಯಲ್ಲಿ ಯಾವುದೇ ಊರಿಗೆ ಕನ್ನಡದ ಹೆಸರು ಸೇರಿಸೋಕೆ ಪ್ರತ್ಯೇಕ ಜಾಗ ಇದೆ. ನಿಮ್ಮ ಬಸ್ ದಾರಿಯ ಹಳ್ಳಿಗಳ ಹೆಸರು ಅಲ್ಲಿ ಕನ್ನಡದಲ್ಲಿ ಇದೆಯಾ, ಕಾಗುಣಿತ ಸರಿಯಾಗಿದೆಯಾ ನೋಡಿ. ಊರಿನವರಿಗಿಂತ ಚೆನ್ನಾಗಿ ಅದನ್ನು ಬೇರೆ ಯಾರು ಹೇಳ್ತಾರೆ?

ನಮ್ಮ ಹಳೇ ಸಂಚಿಕೆಗಳ ಪುಟಗಳು ಇನ್ನೂ ಬಾಕಿ ಇವೆ. ಸೀನಿಯರ್‌ಗಳು ಆಗ ರಾತ್ರಿ ಕೂತು ಟೈಪ್ ಮಾಡಿದ ಕತೆ, ಕವನಗಳು ಪೌಂಡ್ ಚಿಹ್ನೆಗಳ ಹಿಂದೆ ಹಾಗೇ ಕಾಯ್ತಿವೆ. ಯಾವ ಬ್ರಾಂಚ್ ಆದರೂ ಪರವಾಗಿಲ್ಲ, ಜೋರಾಗಿ ಕನ್ನಡ ಓದುವವರು ಬೇಕಾಗಿದ್ದಾರೆ. ಬನ್ನಿ.